ಒತ್ತಕ್ಷರವನ್ನು ಕಾಯುವ ಸಮಚಿಹ್ನೆ

ಮಂಗಳೂರಿನ ‘ಬಲ್ಮಠ’ ಎಂಬ ಹೆಸರನ್ನು ಝೀಲೇಟೆಕ್ ಎಂಬ ಅಕ್ಷರಜೋಡಣೆಯ ತಂತ್ರಾಂಶಕ್ಕೆ ಕೊಟ್ಟು, ಕನ್ನಡ ಫಾಂಟಿನ ಹೆಸರಷ್ಟನ್ನೇ ತಿಳಿಸಿ ಪುಟ ತೆಗೆದರೆ ಲಕಾರದ ಕೆಳಗೆ ಮಕಾರದ ಒತ್ತು ಕೂರುವುದಿಲ್ಲ. ಹಲಂತದ ಗುರುತು ಒಂದು ಕಡೆ, ಮಕಾರ ಇನ್ನೊಂದು ಕಡೆ ಒಡೆದು ನಿಲ್ಲುತ್ತವೆ. ಫಾಂಟಿನ ಹೆಸರಿನ ಜೊತೆಗೆ ಚೌಕ ಆವರಣದೊಳಗೆ ‘ಸ್ಕ್ರಿಪ್ಟ್=ಕನ್ನಡ’ ಎಂದು ರೋಮನ್ ಅಕ್ಷರಗಳಲ್ಲಿ ಬರೆದ ಕೂಡಲೇ ಒತ್ತು ತನ್ನ ಜಾಗಕ್ಕೆ ಬರುತ್ತದೆ. ಎಡಗಡೆ ಒಂದು ಹೆಸರು, ಬಲಗಡೆ ಅದರ ಬೆಲೆ, ನಡುವೆ ಸಮಚಿಹ್ನೆ. ಝೀಲೇಟೆಕ್‌ಗೆ ಮೂಲವಾದ ಲೇಟೆಕ್ ಬಳಸುವವರು ‘ಕೀ-ವ್ಯಾಲ್ಯೂ’ ಎಂದು ಕರೆಯುವ ಈ ಪುಟ್ಟ ಬರವಣಿಗೆಯ ಕ್ರಮ ಆ ವ್ಯವಸ್ಥೆಯ ಗರ್ಭಗುಡಿಯನ್ನು ಸೇರಲು ಮೂರು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು.

ಬಲ್ಮಠದ ಹೆಸರು ಇಲ್ಲಿ ಸುಮ್ಮನೆ ಬಂದುದಲ್ಲ. ಬಾಸೆಲ್ ಮಿಷನ್ನಿನವರು ಮಂಗಳೂರಿನ ಬಲ್ಮಠದಲ್ಲಿ ಮುದ್ರಣ ಆರಂಭಿಸಿದ್ದು 1841ರಲ್ಲಿ. ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಹೊರತಂದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಮುದ್ರಣವಾದ ಪತ್ರಿಕೆ. ಸೀಸದ ಮೊಳೆಗಳು ಬಂದದ್ದು 1850ರ ದಶಕದ ಆರಂಭದಲ್ಲಿ. ಅಂಥ ಮೊಳೆಗಳಿಂದಲೇ ಮುಂದೆ ಫರ್ಡಿನಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು, 1,700ಕ್ಕೂ ಹೆಚ್ಚು ಪುಟಗಳ ಆ ಮಹಾಗ್ರಂಥ, 1894ರಲ್ಲಿ ಮಂಗಳೂರಿನಿಂದ ಪ್ರಕಟವಾಯಿತು.

ಆ ಕಾಲದಲ್ಲಿ ‘ಲಿಪಿ ಯಾವುದು’ ಎಂದು ಯಾರೂ ಬರೆದು ತಿಳಿಸಬೇಕಾಗಿರಲಿಲ್ಲ. ಮೊಳೆ ಜೋಡಿಸುವವರ ಕೈಗೆ ಅದು ಗೊತ್ತಿತ್ತು. ಲಕಾರದ ಮೊಳೆ ಎತ್ತಿಕೊಂಡ ಕೈ ತಾನಾಗಿ ಮಕಾರದ ಒತ್ತಿನ ಮನೆಯ ಕಡೆಗೆ ಹೋಗುತ್ತಿತ್ತು. ಸಂಪಾದಕರು ಹೇಳಬೇಕಾಗಿದ್ದದ್ದು ಅಕ್ಷರದ ಗಾತ್ರ, ಸಾಲಿನ ಅಗಲ, ಅಂಚು ಇಷ್ಟನ್ನೇ. ಉಳಿದುದೆಲ್ಲ ಅನುಭವಕ್ಕೆ ಬಿಟ್ಟ ವಿಷಯ. ಕೆಲಸ ಯಂತ್ರದ ಪಾಲಿಗೆ ಬಂದಾಗ ಕೈಯಲ್ಲಿದ್ದ ಆ ತಿಳಿವಳಿಕೆಯನ್ನು ಒಂದೊಂದಾಗಿ ಮಾತಿಗೆ ಇಳಿಸಬೇಕಾಯಿತು.

ಕನ್ನಡದ ಮಟ್ಟಿಗೆ ಆ ಕೆಲಸ ಮಾಡಿದವರಲ್ಲಿ ಮೊದಲು ನೆನಪಾಗುವವರು ಮಂಗಳೂರಿನ ಪಕ್ಕದ ಕಿನ್ನಿಕಂಬಳದ ಕೆ.ಪಿ. ರಾವ್. ಫೋಟೋಟೈಪ್‌ಸೆಟ್ಟಿಂಗ್ ಕಾಲದಲ್ಲೇ ಭಾರತೀಯ ಲಿಪಿಗಳ ಜೊತೆ ದುಡಿದ ಅವರು ರೂಪಿಸಿದ ಕೀಲಿಮಣೆಯಲ್ಲಿ ಬರೆಯುವವರು ಅಕ್ಷರಗಳನ್ನು ಉಚ್ಚಾರದ ಕ್ರಮದಲ್ಲಿ ಒತ್ತಿದರೆ ಸಾಕು, ಒತ್ತಕ್ಷರದ ಆಕಾರ ಕಟ್ಟುವ ಹೊಣೆ ಯಂತ್ರದ್ದು. ಕನ್ನಡ ಕಂಪ್ಯೂಟಿಂಗಿಗೆ ಕರಾವಳಿ ಕೊಟ್ಟ ಕೊಡುಗೆಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಏನು ಬೇಕು ಎಂಬುದು ಮನುಷ್ಯನ ಮಾತು, ಅದು ಹೇಗೆ ಕಾಣಬೇಕು ಎಂಬುದು ಯಂತ್ರದ ಕೆಲಸ. ಲೇಟೆಕ್ ನಿಂತಿರುವುದೂ ಇದೇ ವಿಭಜನೆಯ ಮೇಲೆ.

ಲೇಟೆಕ್‌ನ ಬುನಾದಿಯಾದ ಟೆಕ್ ಹುಟ್ಟಿದ್ದು ಒಬ್ಬ ಲೇಖಕರ ಬೇಸರದಿಂದ. ಸ್ಟ್ಯಾನ್‌ಫರ್ಡಿನ ಡೊನಾಲ್ಡ್ ಕ್ನೂತ್ 1977ರಲ್ಲಿ ತಮ್ಮ ಪುಸ್ತಕದ ಎರಡನೇ ಸಂಪುಟದ ಹೊಸ ಆವೃತ್ತಿಯ ಕರಡಚ್ಚು ನೋಡಿ, ಗಣಿತ ಇಷ್ಟು ಕೆಟ್ಟದಾಗಿ ಕಾಣಬಾರದು ಎಂದು ತಾವೇ ಅಕ್ಷರಜೋಡಣೆಯ ವ್ಯವಸ್ಥೆ ಕಟ್ಟಲು ಕುಳಿತರು. ಅದರಲ್ಲಿ ನಾವೇ ಹೊಸ ಆದೇಶಗಳನ್ನು ಮಾಡಿಕೊಳ್ಳಬಹುದು. ಒಂದು ಆದೇಶಕ್ಕೆ ಹೆಚ್ಚೆಂದರೆ ಒಂಬತ್ತು ಸಂಗತಿಗಳನ್ನು ಒಪ್ಪಿಸಬಹುದು. ಆದರೆ ಒಪ್ಪಿಸುವುದು ಸ್ಥಾನದ ಪ್ರಕಾರ: ಮೊದಲನೆಯದು ಅಗಲ, ಎರಡನೆಯದು ಎತ್ತರ, ಮೂರನೆಯದು ಓರೆ ಎಂದಿದ್ದರೆ ಅದೇ ಸರದಿ. ಸರದಿ ತಪ್ಪಿದರೆ ಚಿತ್ರ ಅಡ್ಡಡ್ಡ ಮಲಗುತ್ತದೆ. ಓರೆಯೊಂದನ್ನೇ ಹೇಳಬೇಕೆಂದರೂ ಮೊದಲೆರಡು ಜಾಗಗಳನ್ನು ಏನಾದರೂ ಹಾಕಿ ತುಂಬಿಸಲೇಬೇಕು.

ಟೆಕ್‌ನ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ಕಟ್ಟಿದ ಲೇಟೆಕ್‌ನ ಕೈಪಿಡಿ 1986ರಲ್ಲಿ ಬಂತು. ಅದರಲ್ಲಿ ಬರಹದ ಮೊದಲ ಸಾಲಿನಲ್ಲೇ ‘12 ಪಾಯಿಂಟ್, ಎರಡೂ ಬದಿ’ ಎಂಬಂಥ ಆಯ್ಕೆಗಳನ್ನು ಚೌಕ ಆವರಣದಲ್ಲಿ ಹೇಳುವ ಅನುಕೂಲವಿತ್ತು. ಅವೆಲ್ಲ ಒಂಟಿ ಪದಗಳು. ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ಪದ ತನಗೆ ಗೊತ್ತಿಲ್ಲದಿದ್ದರೆ ಲೇಟೆಕ್ ಅದೇ ಹೆಸರಿನ ಕಡತವನ್ನು ಹುಡುಕಿ ಓದಿಕೊಳ್ಳುತ್ತಿತ್ತು. ಹೀಗಾಗಿ ಆಯ್ಕೆ ಮತ್ತು ಪ್ಯಾಕೇಜ್ (ಹೆಚ್ಚುವರಿ ಆದೇಶಗಳ ಕಡತ) ಎರಡೂ ಒಂದೇ ಪಟ್ಟಿಯಲ್ಲಿ ಬೆರೆತು ಕುಳಿತಿದ್ದವು. 1994ರಲ್ಲಿ ಬಂದ ಹೊಸ ಲೇಟೆಕ್ ಇವನ್ನು ಬೇರೆ ಮಾಡಿತು: ಬರಹದ ಒಟ್ಟು ವಿನ್ಯಾಸ ಹೇಳುವ ಡಾಕ್ಯುಮೆಂಟ್ ಕ್ಲಾಸಿಗೆ ಅದರದೇ ಸಾಲು, ಪ್ಯಾಕೇಜುಗಳಿಗೆ ಅವುಗಳದೇ ಸಾಲು. ಆಯ್ಕೆಗಳು ಮಾತ್ರ ಒಂಟಿ ಪದಗಳಾಗಿಯೇ ಉಳಿದವು.

ಒಂಟಿ ಪದ ಎಲ್ಲಿಯವರೆಗೆ ಸಾಕು? ಎಡ ಅಂಚು 35 ಮಿಲಿಮೀಟರ್ ಇರಲಿ ಎನ್ನಲು ಬೆಲೆ ಬೇಕೇಬೇಕು. ಆ ಬೇಡಿಕೆ ಮೊದಲು ಎದ್ದದ್ದು ಚಿತ್ರಗಳ ಕಡೆಯಿಂದ. 1980ರ ದಶಕದ ಕೊನೆಯಲ್ಲೇ ಟ್ರೆವರ್ ಡ್ಯಾರೆಲ್ ಅವರ ‘ಪಿಎಸ್‌ಫಿಗ್’ನಲ್ಲಿ ಚಿತ್ರದ ಕಡತ, ಎತ್ತರ, ಅಗಲಗಳನ್ನು ಹೆಸರಿಟ್ಟು ಸಮಚಿಹ್ನೆ ಹಾಕಿ ಕೊಡುವ ಕ್ರಮವಿತ್ತು. ಟಿಮೊಥಿ ವಾನ್ ಜಾಂಡ್ಟ್ ಅವರ ‘ಪಿಎಸ್‌ಟ್ರಿಕ್ಸ್’ ಗೆರೆಯ ದಪ್ಪ, ಬಣ್ಣ ಎಲ್ಲಕ್ಕೂ ಇದನ್ನೇ ಬಳಸಿತು. ಇಂಥ ಪಟ್ಟಿಯನ್ನು ಬಿಡಿಸುವ ಕೆಲಸವನ್ನು ಯಾರು ಬೇಕಾದರೂ ಎತ್ತಿಕೊಂಡು ಬಳಸುವಂತೆ ಒಂದೇ ಪುಟ್ಟ ಪ್ಯಾಕೇಜಿನಲ್ಲಿ ಇಟ್ಟುಕೊಟ್ಟವರು ಡೇವಿಡ್ ಕಾರ್ಲೈಲ್. ಅದರ ಹೆಸರು ‘ಕೀವ್ಯಾಲ್’. ಇಂದಿಗೂ ಪುಟಕ್ಕೆ ಚಿತ್ರ ಸೇರಿಸುವಾಗ ‘ವಿಡ್ತ್=’ ಎಂದು ಬರೆಯುವವರೆಲ್ಲ ಅದನ್ನೇ ಬಳಸುತ್ತಿದ್ದಾರೆ.

ಹೆಸರಿಟ್ಟು ಹೇಳುವುದರ ಬಲ ಕನ್ನಡಿಗರಿಗೆ ಬೇಗ ಅರ್ಥವಾಗಬೇಕು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಕಿಟ್ಟೆಲ್ 1872ರಲ್ಲಿ ಮಂಗಳೂರಿನಿಂದಲೇ ಪ್ರಕಟಿಸಿದರು. ಅಲ್ಲಿ ವಿವರಿಸಿರುವ ವಿಭಕ್ತಿಗಳು ಮಾಡುವ ಕೆಲಸವೂ ಇಂಥದ್ದೇ. ‘ಅಣ್ಣ ತಮ್ಮನಿಗೆ ಪುಸ್ತಕವನ್ನು ಕೊಟ್ಟ’ ಎಂದರೂ ‘ಪುಸ್ತಕವನ್ನು ತಮ್ಮನಿಗೆ ಅಣ್ಣ ಕೊಟ್ಟ’ ಎಂದರೂ ಕೊಟ್ಟವನು ಅಣ್ಣನೇ. ಪದ ಎಲ್ಲಿ ಕುಳಿತರೂ ತನ್ನ ಪಾತ್ರದ ಗುರುತನ್ನು ಮೈಮೇಲೆ ಹೊತ್ತಿರುತ್ತದೆ. ಇಂಗ್ಲಿಷಿನಲ್ಲಿ ಪದಗಳ ಜಾಗ ಬದಲಾದರೆ ಅರ್ಥವೂ ಬದಲಾಗುತ್ತದೆ. ಸ್ಥಾನ ನೋಡಿ ಓದುವ ಆದೇಶಕ್ಕೂ ಹೆಸರು ನೋಡಿ ಓದುವ ಆದೇಶಕ್ಕೂ ಇರುವ ಅಂತರ ಇಷ್ಟೇ.

ಪಟ್ಟಿಯನ್ನು ಯಂತ್ರ ಬಿಡಿಸುವ ರೀತಿ ಮೇಲುನೋಟಕ್ಕೆ ಸರಳ. ಮೊದಲು ಅಲ್ಪವಿರಾಮ ಇರುವಲ್ಲೆಲ್ಲ ಕತ್ತರಿಸಬೇಕು. ಬಂದ ತುಂಡಿನಲ್ಲಿ ಮೊದಲ ಸಮಚಿಹ್ನೆಯ ಎಡಕ್ಕಿರುವುದು ಹೆಸರು, ಬಲಕ್ಕಿರುವುದು ಬೆಲೆ. ಎರಡೂ ತುದಿಗಳ ಖಾಲಿ ಜಾಗವನ್ನು ಒರೆಸಬೇಕು. ಬೆಲೆಯ ಸುತ್ತ ಸುರುಳಿ ಆವರಣವಿದ್ದರೆ ಅದನ್ನು ಕಳಚಬೇಕು. ಆ ಹೆಸರು ತನ್ನ ಬಳಗದಲ್ಲಿ ಇದೆಯೇ ಎಂದು ನೋಡಿ, ಇದ್ದರೆ ಬೆಲೆಯನ್ನು ಒಪ್ಪಿಸಬೇಕು, ಇಲ್ಲದಿದ್ದರೆ ದೂರಬೇಕು. ಸಮಚಿಹ್ನೆಯೇ ಇಲ್ಲದಿದ್ದರೆ ಮೊದಲೇ ಗೊತ್ತುಮಾಡಿಟ್ಟ ಬೆಲೆಯನ್ನು ತೆಗೆದುಕೊಳ್ಳಬೇಕು. ಬೇರೆ ಬೇರೆ ಭಾಷೆಗಳಿಗೆಂದೇ ಇರುವ ಬೇಬಲ್ ಪ್ಯಾಕೇಜಿನಲ್ಲಿ ಕನ್ನಡವನ್ನು ಕರೆದು ‘ಮ್ಯಾಪ್ಅರೇಬಿಕ್’ ಎಂದಷ್ಟೇ ಬರೆದರೂ ಪುಟಸಂಖ್ಯೆಗಳು ಕನ್ನಡ ಅಂಕಿಗಳಾಗುವುದು ಹೀಗೆ.

ತೊಡಕುಗಳು ಒಳಗೆ ಕಾದಿರುತ್ತವೆ. ‘ಮಂಗಳೂರು, ದಕ್ಷಿಣ ಕನ್ನಡ’ ಎಂಬ ಬೆಲೆಯನ್ನು ಸುರುಳಿ ಆವರಣದಲ್ಲಿ ಇಡದಿದ್ದರೆ ದಕ್ಷಿಣ ಕನ್ನಡ ಎಂಬುದೇ ಬೇರೊಂದು ಆಯ್ಕೆ ಎಂದು ಯಂತ್ರ ತಿಳಿಯುತ್ತದೆ. ತುರ್ಕಿ ಭಾಷೆಯವರು ಕಂಡ ಕಷ್ಟ ಇನ್ನೂ ವಿಚಿತ್ರ. ಬೇಬಲ್‌ನ ತುರ್ಕಿ ವಿಭಾಗ ಕೆಲವು ಚಿಹ್ನೆಗಳ ಹಿಂದಿನ ಅಂತರವನ್ನು ಸರಿಪಡಿಸಲೆಂದು ಸಮಚಿಹ್ನೆಯನ್ನೇ ಒಂದು ಆದೇಶವನ್ನಾಗಿ ಮಾಡಿಕೊಂಡಿತ್ತು. ಕೀವ್ಯಾಲ್ ಹುಡುಕುತ್ತಿದ್ದದ್ದು ಸಾದಾ ಸಮಚಿಹ್ನೆಯನ್ನು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ತುರ್ಕಿಯಲ್ಲಿ ಬರೆದ ಪುಟಕ್ಕೆ ಅಗಲ ಹೇಳಿ ಚಿತ್ರ ಸೇರಿಸಿದರೆ ಕೆಲಸ ನಿಂತೇಹೋಗುತ್ತಿತ್ತು. ಒಂದು ಭಾಷೆಯ ಅಗತ್ಯ ಇನ್ನೊಬ್ಬರ ಸಲಕರಣೆಯನ್ನು ಮುರಿಯಬಹುದು ಎಂಬುದನ್ನು ಬಹುಭಾಷಿಕ ನಾಡಿನವರು ಗಮನವಿಟ್ಟು ನೋಡಬೇಕು.

ಇಷ್ಟೆಲ್ಲ ಪುಟದೊಳಗಿನ ಆದೇಶಗಳ ಕಥೆ. ಕ್ಲಾಸ್ ಮತ್ತು ಪ್ಯಾಕೇಜುಗಳ ಆಯ್ಕೆಗಳ ವಿಷಯಕ್ಕೆ ಬಂದರೆ ಗೋಡೆ ಇನ್ನೂ ಗಟ್ಟಿ. 1994ರ ವ್ಯವಸ್ಥೆ ಆಯ್ಕೆಗಳೆಂದರೆ ಒಂಟಿ ಪದಗಳೇ ಎಂದು ನಂಬಿ, ಪಟ್ಟಿಯೊಳಗಿನ ಖಾಲಿ ಜಾಗಗಳನ್ನೆಲ್ಲ ಮೊದಲೇ ತೆಗೆದುಹಾಕುತ್ತಿತ್ತು. ಪಿಡಿಎಫ್ ಕಡತದ ಲೇಖಕರ ಹೆಸರನ್ನು ‘ಹೈಪರ್‌ರೆಫ್’ ಪ್ಯಾಕೇಜಿನ ಆಯ್ಕೆಯಾಗಿ ‘ಪಂಜೆ ಮಂಗೇಶ ರಾವ್’ ಎಂದು ಕೊಟ್ಟರೆ ‘ಪಂಜೆಮಂಗೇಶರಾವ್’ ಆಗಿಬಿಡುವ ಪರಿಸ್ಥಿತಿ. ಸುರುಳಿ ಆವರಣ ಹಾಕಿದರೂ ಅದು ಯಾವಾಗಲೂ ಕಾಪಾಡುತ್ತಿರಲಿಲ್ಲ. ಬೆಲೆಯೊಳಗೆ ಬೇರೆ ಆದೇಶವಿದ್ದರೆ ಅದು ಹೊತ್ತಿಗೆ ಮುಂಚೆಯೇ ಬಿಚ್ಚಿಕೊಂಡು ದೋಷ ತರುತ್ತಿತ್ತು. ಅದಕ್ಕೇ ಹೈಪರ್‌ರೆಫ್ ಬಳಸುವವರು ಪ್ಯಾಕೇಜನ್ನು ಮೊದಲು ಕರೆದು, ಆಮೇಲೆ ಬೇರೊಂದು ಆದೇಶದಲ್ಲಿ ಹೆಸರು-ಬೆಲೆಗಳನ್ನು ಕೊಡುವ ರೂಢಿ ಮಾಡಿಕೊಂಡರು. ಒಂದೇ ಪ್ಯಾಕೇಜನ್ನು ಇಬ್ಬರು ಬೇರೆ ಬೇರೆ ಆಯ್ಕೆಗಳೊಂದಿಗೆ ಕರೆದರೆ ‘ಆಪ್ಷನ್ ಕ್ಲ್ಯಾಶ್’ ಎಂಬ ದೋಷ ಬೇರೆ.

ಗೋಡೆ ದಾಟಲು ಹಲವರು ಏಣಿ ಕಟ್ಟಿದರು. ಹೆಂಡ್ರಿ ಆಡ್ರಿಯಾನ್ಸ್ ‘ಎಕ್ಸ್‌ಕೀವ್ಯಾಲ್’ ಬರೆದರು, ಹೈಕೊ ಓಬರ್ಡೀಕ್ ‘ಕೆವಿಆಪ್ಷನ್ಸ್’ ಬರೆದರು, ಟಿಲ್ ಟಾಂಟೌ ತಮ್ಮ ಚಿತ್ರರಚನೆಯ ಪ್ಯಾಕೇಜಿಗಾಗಿ ಕಡತದ ದಾರಿಯಂತೆ ಓರೆಗೆರೆ ಹಾಕಿ ಹೆಸರುಗಳನ್ನು ಜೋಡಿಸುವ ‘ಪಿಜಿಎಫ್‌ಕೀಸ್’ ಮಾಡಿದರು. ಒಂದೊಂದೂ ಚೆನ್ನಾಗಿತ್ತು, ಆದರೆ ಒಂದರ ಕ್ರಮ ಇನ್ನೊಂದಕ್ಕೆ ಒಗ್ಗುತ್ತಿರಲಿಲ್ಲ. ಹೊಸದಾಗಿ ಕ್ಲಾಸ್ ಬರೆಯಲು ಕುಳಿತವರು ಯಾವುದನ್ನು ಕಲಿಯಬೇಕೆಂದು ತಲೆಕೆಡಿಸಿಕೊಳ್ಳಬೇಕಿತ್ತು.

ಕೊನೆಗೆ 2022ರ ಜೂನ್ ಬಿಡುಗಡೆಯಲ್ಲಿ ಲೇಟೆಕ್ ತಂಡ ಈ ಕೆಲಸವನ್ನು ತಿರುಳಿನೊಳಗೇ ತಂದಿತು. ಜೋಸೆಫ್ ರೈಟ್ ಅವರು ಹೆಚ್ಚು ಶ್ರಮಿಸಿದ, ಲೇಟೆಕ್3 ಯೋಜನೆಯ ಕೀಗಳ ವ್ಯವಸ್ಥೆ ಅದರ ಅಡಿಪಾಯ. ಈಗ ಕ್ಲಾಸ್ ಬರೆಯುವವರು ‘ಡಿಕ್ಲೇರ್‌ಕೀಸ್’ ಎಂಬ ಆದೇಶದಿಂದ ಹೆಸರುಗಳನ್ನು ಘೋಷಿಸಿ, ‘ಪ್ರೋಸೆಸ್‌ಕೀಆಪ್ಷನ್ಸ್’ ಎಂದು ಬರೆದರೆ ಮುಗಿಯಿತು. ಬೆಲೆಯೊಳಗಿನ ಖಾಲಿ ಜಾಗ ಉಳಿಯುತ್ತದೆ. ಯಾವ ಆಯ್ಕೆಯನ್ನು ಪ್ಯಾಕೇಜ್ ಕರೆಯುವಾಗ ಮಾತ್ರ ಕೊಡಬಹುದು, ಯಾವುದನ್ನು ಬರಹದ ನಡುವೆಯೂ ಬದಲಿಸಬಹುದು ಎಂದು ಗೊತ್ತುಮಾಡಬಹುದು. ಎರಡನೇ ಸಲ ಬೇರೆ ಆಯ್ಕೆಯೊಂದಿಗೆ ಕರೆದರೂ ಹಳೆಯ ಘರ್ಷಣೆಯ ದೋಷ ಬರುವುದಿಲ್ಲ. ಸಮಚಿಹ್ನೆ ಯಾವ ವೇಷದಲ್ಲಿದ್ದರೂ ಗುರುತು ಸಿಗುವುದರಿಂದ ತುರ್ಕಿಯವರ ಕಷ್ಟವೂ ಇಲ್ಲಿಲ್ಲ.

ಮಂಗಳೂರಿಗೆ ಇದರಿಂದ ಏನು? ಈ ಊರಿನಲ್ಲಿ ಭಾಷೆಯೂ ಲಿಪಿಯೂ ಒಂದೇ ಅಲ್ಲ. ಮ್ಯಾನರ್ ಅವರ ತುಳು-ಇಂಗ್ಲಿಷ್ ನಿಘಂಟು 1886ರಲ್ಲಿ ಇಲ್ಲಿಂದ ಪ್ರಕಟವಾದಾಗ ತುಳು ಪದಗಳು ಕನ್ನಡ ಲಿಪಿಯಲ್ಲಿದ್ದವು. ಕೊಂಕಣಿಯನ್ನು ಇಲ್ಲಿನವರು ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ, ಗೋವೆಯವರು ದೇವನಾಗರಿಯಲ್ಲೂ ರೋಮನ್ನಿನಲ್ಲೂ ಬರೆಯುತ್ತಾರೆ. ಬ್ಯಾರಿಯೂ ಕನ್ನಡ ಲಿಪಿಯನ್ನೇ ಆಶ್ರಯಿಸಿದೆ. ಒಂಟಿ ಪದದ ಕಾಲದಲ್ಲಿ ‘ಕನ್ನಡ’ ಎಂದರೆ ಭಾಷೆಯೋ ಲಿಪಿಯೋ ಎಂದು ಬಿಡಿಸಿ ಹೇಳುವ ದಾರಿ ಇರಲಿಲ್ಲ. ವಿಲ್ ರಾಬರ್ಟ್‌ಸನ್ ಅವರ ‘ಫಾಂಟ್‌ಸ್ಪೆಕ್’ ಪ್ಯಾಕೇಜಿನಲ್ಲಿ ‘ಸ್ಕ್ರಿಪ್ಟ್’ ಒಂದು ಹೆಸರು, ‘ಲ್ಯಾಂಗ್ವೇಜ್’ ಇನ್ನೊಂದು. ಓಪನ್‌ಟೈಪ್ ಫಾಂಟುಗಳ ಭಾಷಾಪಟ್ಟಿಯಲ್ಲಿ ತುಳುವಿಗೂ ಕೊಂಕಣಿಗೂ ಅವುಗಳದೇ ಗುರುತುಗಳಿವೆ. ಸಾಲಿನ ಕೊನೆಯಲ್ಲಿ ಪದ ಒಡೆಯುವ ನಿಯಮಗಳು ಭಾಷೆಗೆ ಸೇರಿದವು. ಕನ್ನಡಕ್ಕೆ ಅವನ್ನು ಬರೆದುಕೊಟ್ಟವರು ಮಲಯಾಳದ ಸಂತೋಷ್ ತೊಟ್ಟಿಂಗಲ್. ಒತ್ತಕ್ಷರದ ನಿಯಮಗಳು ಲಿಪಿಗೆ ಸೇರಿದವು.

2024ರ ಸೆಪ್ಟೆಂಬರಿನಲ್ಲಿ ಯುನಿಕೋಡ್‌ನ 16ನೇ ಆವೃತ್ತಿ ತುಳು-ತಿಗಳಾರಿ ಲಿಪಿಯನ್ನು ಸೇರಿಸಿಕೊಂಡ ಮೇಲೆ ಈ ಎರಡು ಹೆಸರುಗಳ ಅಗತ್ಯ ಇನ್ನೂ ಹೆಚ್ಚಾಗಿದೆ. ಒಂದೇ ತುಳು ಕವನಸಂಕಲನ ಕನ್ನಡ ಲಿಪಿಯಲ್ಲೂ ತುಳು ಲಿಪಿಯಲ್ಲೂ ಬರುವ ದಿನಗಳು ದೂರವಿಲ್ಲ. ತುಳು ಮತ್ತು ಕೊಂಕಣಿ ಸಾಹಿತ್ಯ ಅಕಾಡೆಮಿಗಳೆರಡೂ ಇದೇ ಊರಿನಲ್ಲಿವೆ. ಅವುಗಳ ಪುಸ್ತಕಗಳಿಗೆಂದು ಒಂದೇ ಡಾಕ್ಯುಮೆಂಟ್ ಕ್ಲಾಸ್ ಬರೆಯಲು ಈಗ ಬೇಕಾದ ಸಲಕರಣೆ ಎಲ್ಲವೂ ಉಚಿತವಾಗಿ ಸಿಗುತ್ತದೆ. ಭಾಷೆ, ಲಿಪಿ, ಅಂಕಿ, ಪುಟದ ಅಳತೆ ಎಂಬ ನಾಲ್ಕು ಹೆಸರುಗಳಿಂದ ಶುರುಮಾಡಬಹುದು. ಲಿಪಿಗೆ ಒಪ್ಪುವ ಬೆಲೆಗಳು ಇವಿಷ್ಟೇ ಎಂದು ಮೊದಲೇ ಘೋಷಿಸಿಟ್ಟರೆ, ಟೈಪಿಸುವಾಗ ಕಾಗುಣಿತ ತಪ್ಪಿದವರಿಗೆ ಯಂತ್ರವೇ ಆ ಸಾಲನ್ನು ತೋರಿಸಿ ತಿಳಿಸುತ್ತದೆ. ಇಂಥದ್ದೊಂದು ಕ್ಲಾಸನ್ನು ನಗರದ ಯಾವುದಾದರೂ ಕಾಲೇಜಿನ ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗಳು ಒಂದು ಸೆಮಿಸ್ಟರಿನ ಪ್ರಾಜೆಕ್ಟಾಗಿ ಕೈಗೆತ್ತಿಕೊಳ್ಳಬೇಕು.