ನೀಲಗಿರಿಯ ಮಾಟ, ವಿಜ್ಞಾನಿಯ ನೋಟ

ಒಂದೇ ಉದ್ದದ ಎರಡು ಗೆರೆ. ಒಂದರ ಎರಡೂ ತುದಿಗೆ ಬಾಣದ ಮೊನೆ; ಇನ್ನೊಂದರ ತುದಿಗಳಲ್ಲಿ ಅದೇ ಮೊನೆ ತಿರುವುಮುರುವಾಗಿ, ಹೊರಕ್ಕೆ ಬಾಯ್ದೆರೆದು. ಎರಡನೆಯದೇ ಉದ್ದ ಎಂದು ನಮ್ಮಲ್ಲಿ ಬಹಳಷ್ಟು ಜನರ ಕಣ್ಣು ಹಟ ಹಿಡಿಯುತ್ತದೆ. ಅಳತೆಪಟ್ಟಿ ಇಟ್ಟು ತೋರಿಸಿದ ಮೇಲೂ ಹಟ ಬಿಡುವುದಿಲ್ಲ. 1901–02ರಲ್ಲಿ ಉದಕಮಂಡಲದ ಸುತ್ತಲಿನ ತೋಡ ಬುಡಕಟ್ಟಿನವರ ಮಂದುಗಳಿಗೆ, ಅಂದರೆ ಹಟ್ಟಿಗಳಿಗೆ, ಬಂದ ಕೇಂಬ್ರಿಜ್‌ನ ವೈದ್ಯ ಮತ್ತು ಮನೋವಿಜ್ಞಾನಿ ಡಬ್ಲ್ಯು. ಎಚ್. ಆರ್. ರಿವರ್ಸ್ ಈ ಗೆರೆಗಳನ್ನು ಎಮ್ಮೆ ಕಾಯುವವರ ಮುಂದೆ ಹಿಡಿದರು. ಇಂಗ್ಲೆಂಡಿನವರಿಗಿಂತ ತೋಡರೇ ಕಡಿಮೆ ಮೋಸಹೋದರು.

ಹಾಗೆಂದು ಅವರ ಕಣ್ಣಿಗೆ ಭ್ರಮೆಯೇ ಇಲ್ಲವೆಂದಲ್ಲ. ಅಡ್ಡಗೆರೆಯ ಮೇಲೆ ಅಷ್ಟೇ ಉದ್ದದ ಗೆರೆಯನ್ನು ನೆಟ್ಟಗೆ ನಿಲ್ಲಿಸಿದರೆ ಅದು ಹೆಚ್ಚು ಉದ್ದವೆಂದು ತೋರುತ್ತದಲ್ಲ, ಆ ಪರೀಕ್ಷೆಯಲ್ಲಿ ಅವರೇ ಹೆಚ್ಚು ತಪ್ಪಿದರು. 1966ರಲ್ಲಿ ಅಮೆರಿಕದ ಸೀಗಲ್, ಕ್ಯಾಂಪ್‌ಬೆಲ್, ಹರ್ಸ್ಕೊವಿಟ್ಸ್ ಎಂಬ ಮೂವರು ಇಂಥ ಪರೀಕ್ಷೆಗಳನ್ನು ಹಲವು ದೇಶಗಳಲ್ಲಿ ನಡೆಸಿ ಒಂದು ವಿವರಣೆ ಮುಂದಿಟ್ಟರು: ಚೌಕ ಕೋಣೆ, ನೇರ ಗೋಡೆ, ಚೂಪು ಮೂಲೆಗಳ ನಡುವೆ ಬೆಳೆದ ಕಣ್ಣು ಬಾಣದ ಗೆರೆಗೆ ಬೇಗ ಬೀಳುತ್ತದೆ. ತೋಡರ ಹಳೆಯ ಮನೆಗಳೋ, ಅರ್ಧಕ್ಕೆ ಸೀಳಿದ ಪೀಪಾಯಿಯನ್ನು ಬೋರಲು ಹಾಕಿದ ಆಕಾರದವು. ಮನೆಯೇ ಕಾರಣ ಎಂದು ಹಾರಿ ಹೇಳಲಾಗದು, ಆದರೆ ಊಹೆಗೆ ಇಂಬಿದೆ.

ಅದೇ ರಿವರ್ಸ್ ತೋಡರ ಮಾಟವನ್ನೂ ಅಷ್ಟೇ ಆಸ್ಥೆಯಿಂದ ಬರೆದುಕೊಂಡರು. ಕೂದಲಿನಿಂದ ಬಿಗಿದ ಸಣ್ಣ ಕಲ್ಲುಗಳನ್ನು ಬಟ್ಟೆಯಲ್ಲಿ ಸುತ್ತಿ, ಮಂತ್ರ ಹೇಳಿ, ಆಗದವನ ಮನೆಯ ಹುಲ್ಲುಮಾಡಿನಲ್ಲಿ ಅಡಗಿಸುವ ಕ್ರಮ ಅವರ ಪುಸ್ತಕದಲ್ಲಿದೆ (1906). ಅವರು ಅಲ್ಲಿದ್ದಾಗಲೇ ಗುಟ್ಟು ತಿಳಿಸಿದ ತೋಡರಲ್ಲಿ ಕೆಲವರ ಮನೆಗಳಿಗೆ ಸಾವು, ಕಾಯಿಲೆಗಳು ಎರಗಿದವು. ಹೊರಗಿನವನಿಗೆ ದೇವರ ವಿಷಯ ಬಿಟ್ಟುಕೊಟ್ಟದ್ದೇ ಕಾರಣ ಎಂದು ಕಣಿ ಹೇಳುವವರು ತೀರ್ಪಿತ್ತರು. ಮಾಹಿತಿಯ ಬಾಗಿಲು ಮುಚ್ಚಿತು. ರಿವರ್ಸ್ ಆ ಕಾರಣವನ್ನು ನಂಬಲಿಲ್ಲ, ನಂಬಿದವರನ್ನು ನೋಡಿ ನಗಲೂ ಇಲ್ಲ. 1915–16ರಲ್ಲಿ ಲಂಡನ್ನಿನ ವೈದ್ಯರ ಮುಂದೆ ಕೊಟ್ಟ ಉಪನ್ಯಾಸಗಳಲ್ಲಿ ಅವರ ವಾದವಿಷ್ಟು: ರೋಗದ ಕಾರಣವನ್ನು ಹೀಗೆಂದು ಒಪ್ಪಿಕೊಂಡ ಮೇಲೆ ಮಂತ್ರವಾದಿಯ ಚಿಕಿತ್ಸೆ ತರ್ಕಬದ್ಧವೇ, ತಪ್ಪಿರುವುದು ಕಾರಣದಲ್ಲಿ, ಬುದ್ಧಿಯಲ್ಲಲ್ಲ. ಮೊದಲ ಮಹಾಯುದ್ಧದಲ್ಲಿ ಮನಸ್ಸು ಘಾಸಿಗೊಂಡ ಸೈನಿಕರನ್ನು ಮಾತನಾಡಿಸಿಯೇ ಗುಣಪಡಿಸಲು ಹೊರಟವರೂ ಇವರೇ.

ತಪ್ಪು ಕಾರಣಕ್ಕೆ ಬೆಲೆ ತೆತ್ತವರು ಕುರುಂಬರು. ಬೆಟ್ಟದ ಇಳಿಜಾರಿನ ಕಾಡುಗಳಲ್ಲಿ ಬಾಳುವ ಈ ಜನ ಮಾಟದಲ್ಲಿ ಪಳಗಿದವರೆಂದು ಸುತ್ತಲಿನವರೆಲ್ಲ ಅಂಜುತ್ತಿದ್ದರು. ಕನ್ನಡಕ್ಕೆ ತೀರ ಹತ್ತಿರದ ನುಡಿಯಾಡುವ, ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದ ಬಡಗರು ಬಿತ್ತನೆಯ ಶುಭಕ್ಕೆ ಕುರುಂಬನನ್ನೇ ಕರೆಯುತ್ತಿದ್ದರು. ಹಟ್ಟಿಯಲ್ಲಿ ಕಾಯಿಲೆ ಹಬ್ಬಿದರೆ ಬೆರಳು ತೋರಿಸುತ್ತಿದ್ದದ್ದೂ ಅವನ ಕಡೆಗೇ. 1900ರಲ್ಲಿ ಹೀಗೆ ಒಂದು ಕುರುಂಬ ಕುಟುಂಬವನ್ನೇ ಕೊಂದುಹಾಕಿದರು. ಮನೆಯ ಯಜಮಾನನಿಗೆ ಮದ್ದು ಕೊಡುವವನೆಂಬ ಹೆಸರಿತ್ತು, ಅಷ್ಟೇ. ಸುತ್ತಲ ಸೀಮೆಯೆಲ್ಲ ಕೊಂದವರ ಪರ ನಿಂತಿತು, ಆರೋಪಿಗಳು ಬಿಡುಗಡೆಯಾದರು. ಮಾಟದ ಭಯಕ್ಕೆ ದೇಹವೂ ಸ್ಪಂದಿಸುತ್ತದೆ ನಿಜ. ತನಗೆ ಮಾಟವಾಗಿದೆ ಎಂದು ಗಟ್ಟಿಯಾಗಿ ನಂಬಿದವನು ಊಟ ಬಿಟ್ಟು, ಭಯದಿಂದಲೇ ಕುಸಿದು ಸಾಯುವುದು ಹೇಗೆ ಸಾಧ್ಯ ಎಂಬುದನ್ನು ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ 1942ರಲ್ಲೇ ಚರ್ಚಿಸಿದ್ದರು. ಅಲ್ಲಿ ಕೆಲಸ ಮಾಡುವುದು ಭಯ, ಮಂತ್ರವಲ್ಲ.

ಕೆಂಡ ಹಾಯುವುದರ ಗುಟ್ಟು ಇನ್ನೂ ಸರಳ. ಕೋತಗಿರಿ ಬಳಿಯ ಜಕ್ಕನಾರೆಯಲ್ಲಿ ಬಡಗರು ಹಬ್ಬದಂದು ಕೆಂಡ ಹಾಯುತ್ತಾರೆ. ಉರಿಯುವ ಕೆಂಡದ ಮೈ 500 ಡಿಗ್ರಿ ಸೆಲ್ಸಿಯಸ್ ದಾಟಬಹುದು, ಆದರೆ ಇದ್ದಿಲು ಶಾಖವನ್ನು ಸಾಗಿಸುವುದು ಬಲು ನಿಧಾನ. ಕುದಿಯುವ ಸಾರಿನಲ್ಲಿಟ್ಟ ಕಬ್ಬಿಣದ ಸೌಟು ಕೈ ಸುಡುತ್ತದೆ, ಮರದ್ದು ಸುಡುವುದಿಲ್ಲವಲ್ಲ, ಹಾಗೆ. ಪಾದ ಕೆಂಡಕ್ಕೆ ತಗಲಿರುವುದೂ ಪ್ರತಿ ಹೆಜ್ಜೆಗೆ ಸೆಕೆಂಡಿಗಿಂತ ಕಡಿಮೆ. ನಿಂತರೆ ಸುಡುತ್ತದೆ. 1935ರಲ್ಲಿ ಇಂಗ್ಲೆಂಡಿನ ಸರ್ರೆಯಲ್ಲಿ ಹ್ಯಾರಿ ಪ್ರೈಸ್ ಇದನ್ನು ವೈದ್ಯರ ಎದುರು ಪರೀಕ್ಷಿಸಿದರು. ಕುದಾ ಬಕ್ಷ್ ಎಂಬ ಭಾರತೀಯ ಜಾದೂಗಾರ ಬೊಬ್ಬೆಯೇಳದೆ ದಾಟಿದರು. ನಮ್ಮಲ್ಲಿ ಪವಾಡಗಳನ್ನು ಪರೀಕ್ಷೆಗೆ ಕರೆದವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಭೌತವಿಜ್ಞಾನಿ ಎಚ್. ನರಸಿಂಹಯ್ಯ. 1976ರಲ್ಲಿ ಅದಕ್ಕೆಂದೇ ಸಮಿತಿ ರಚಿಸಿದರು. ಕಾರಣ ತಿಳಿದ ಮಾತ್ರಕ್ಕೆ ಜಕ್ಕನಾರೆಯ ಹಬ್ಬ ಸಪ್ಪೆಯಾಗಬೇಕಿಲ್ಲ. ಮೊದಲ ಹೆಜ್ಜೆ ಇಡುವವನ ಎದೆಗಾರಿಕೆ ಹಾಗೆಯೇ ಇರುತ್ತದೆ.

ಬೆಟ್ಟದ ಪೂಜೆಗೂ ಇದೇ ಮಾತು. ತೋಡರ ಬಹುಪಾಲು ದೇವರುಗಳ ನೆಲೆ ಗಿರಿಶಿಖರ. ಎಮ್ಮೆಯ ಹಾಲು ಕಡೆಯುವ ಡೈರಿಯೇ ಅವರ ಗುಡಿ. ಅದರ ಮಾಡಿಗೆ ಸಿಕ್ಕ ಹುಲ್ಲು ಹೊದೆಸುವಂತಿಲ್ಲ. ಬೆಟ್ಟದ ನಡುವಿನ ಜೌಗಿನಲ್ಲಿ ಬೆಳೆಯುವ, ನೀಲಗಿರಿಗೇ ಸೀಮಿತವಾದ ಒಂದು ಹುಲ್ಲು ಬೇಕು. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಎರಿಯೊಕ್ರೈಸಿಸ್ ರಂಗಾಚಾರಿ. ಬಿದಿರು, ಬೆತ್ತಗಳೂ ಇಂಥವೇ ಆಗಬೇಕೆಂಬ ಕಟ್ಟಳೆಯಿದೆ. ಗುಡಿ ಉಳಿಯಬೇಕಾದರೆ ಜೌಗು ಉಳಿಯಬೇಕು, ಜೌಗು ಉಳಿಯಬೇಕಾದರೆ ಮೇಲಿನ ಹುಲ್ಲುಗಾವಲೂ ಶೋಲಾ ಕಾಡೂ ಉಳಿಯಬೇಕು. ದೇವರನ್ನು ನಂಬದವನಿಗೂ ಈ ಲೆಕ್ಕ ತಿಳಿಯುತ್ತದೆ. ದೇವರ ವಿಷಯದಲ್ಲಿ ಸಂಶಯವಾದಿಯಾಗಿದ್ದ ಶಿವರಾಮ ಕಾರಂತರು ಕೈಗಾ ಅಣುಸ್ಥಾವರದ ವಿರುದ್ಧ ಹೋರಾಡಿದರು. ಅದಕ್ಕೆ ಅವರಿಗೆ ಅತೀಂದ್ರಿಯದ ಹಂಗು ಬೇಕಾಗಲಿಲ್ಲ.

ಭಕ್ತಿಯಲ್ಲಿ ಎಲ್ಲವೂ ಒಪ್ಪತಕ್ಕದ್ದಲ್ಲ. ತೋಡರ ಡೈರಿ ಗುಡಿಯೊಳಗೆ ಹೆಂಗಸರಿಗೆ ಪ್ರವೇಶವಿಲ್ಲ. ಪ್ರಕೃತಿಯಲ್ಲಿ ಇಂಥ ನಿಯಮ ಎಲ್ಲಿಯೂ ಇಲ್ಲ. ಇನ್ನೊಂದೆಡೆ, ಈ ಬೆಟ್ಟದ ದೇವರ ಹಂಗಿಲ್ಲದೆ ಬಂದ ಬ್ರಿಟಿಷರು ಹುಲ್ಲುಗಾವಲನ್ನು ಬರಿದೇ ಬಿದ್ದ ನೆಲವೆಂದು ಬಗೆದು, 1840ರ ದಶಕದಿಂದ ಆಸ್ಟ್ರೇಲಿಯಾದ ನೀಲಗಿರಿ ಮರವನ್ನೂ ವಾಟಲ್ ಮರವನ್ನೂ ನೆಡತೊಡಗಿದರು. ಸ್ವಾತಂತ್ರ್ಯಾನಂತರ ನಮ್ಮವರೂ ಅದನ್ನೇ ಮುಂದುವರಿಸಿದರು. ಗುಡಿಯ ಹುಲ್ಲು ಈಗ ಅಳಿವಿನಂಚಿನ ಸಸ್ಯಗಳ ಸಾಲಿನಲ್ಲಿದೆ. ಊಟಿಗೆ ಹೋದವರು ರಸ್ತೆ ಬದಿಯ ಹಸಿರು ಜೌಗು ನೆಲಕ್ಕೆ ಕಾರು ಇಳಿಸಬೇಡಿ, ತಿಂಡಿಯ ಪೊಟ್ಟಣ ಎಸೆಯಬೇಡಿ. ಆ ಹುಲ್ಲು ಬೆಳೆಯುವುದು ಅಂಥ ನೆಲದಲ್ಲಿಯೇ.