ಕುಮ್‌ಗಾಂಗ್: ಬೇಲಿ ದಾಟಿದ ನಡಿಗೆ, ನಿಂತುಹೋದ ಪ್ರವಾಸ

ವಿದೇಶ ಪ್ರವಾಸದಲ್ಲಿ ಗುಂಪು ಬಿಟ್ಟು ಒಂಟಿಯಾಗಿ ಅಡ್ಡಾಡುವವರನ್ನು ಸಾಮಾನ್ಯವಾಗಿ ಕಾಡುವುದು ದಾರಿ ತಪ್ಪುವ ಭಯ. ಆದರೆ ಉತ್ತರ ಕೊರಿಯಾದ ಕುಮ್‌ಗಾಂಗ್ ಬೆಟ್ಟದ ಬಳಿ ಇಂಥ ನಡಿಗೆ ಪ್ರಾಣಕ್ಕೇ ಎರವಾಯಿತು.

ದಕ್ಷಿಣ ಕೊರಿಯಾದ ಹ್ಯುಂಡೈ ಸಮೂಹ 1998ರ ನವೆಂಬರ್‌ನಲ್ಲಿ ಅಲ್ಲಿಗೆ ಪ್ರವಾಸ ಆರಂಭಿಸಿತ್ತು. ಉಭಯ ಕೊರಿಯಾಗಳ ಸ್ನೇಹದ ಕುರುಹೆಂದೇ ಅದು ಹೆಸರಾಗಿತ್ತು. ಆದರೆ ಪ್ರವಾಸಿಗರ ವಲಯಕ್ಕೆ ಹೊಂದಿಕೊಂಡೇ ಸೇನೆಯ ನಿಷೇಧಿತ ಪ್ರದೇಶವಿತ್ತು; ನಡುವೆ ಇದ್ದುದು ಬೇಲಿ.

2008ರ ಜುಲೈ 11ರ ನಸುಕಿನಲ್ಲಿ 53 ವರ್ಷದ ಪ್ರವಾಸಿ ಮಹಿಳೆಯೊಬ್ಬರು ಹೋಟೆಲಿನಿಂದ ಒಬ್ಬರೇ ಹೊರಟು ಕಡಲತೀರದತ್ತ ನಡೆದರು. ಉತ್ತರ ಕೊರಿಯಾದ ಸೈನಿಕನ ಗುಂಡಿಗೆ ಬಲಿಯಾದರು. ಬೇಲಿ ದಾಟಿ ಬಂದ ಆಕೆ ಎಚ್ಚರಿಸಿದರೂ ನಿಲ್ಲದೆ ಓಡಿದರೆಂದು ಉತ್ತರ ಕೊರಿಯಾ ಹೇಳಿತು. ಜಂಟಿ ತನಿಖೆಗೆ ಮಾತ್ರ ಒಪ್ಪಲಿಲ್ಲ. ದಕ್ಷಿಣ ಕೊರಿಯಾ ಪ್ರವಾಸವನ್ನು ಸ್ಥಗಿತಗೊಳಿಸಿತು. ಅದು ಇಂದಿಗೂ ಪುನರಾರಂಭವಾಗಿಲ್ಲ.

ಬೇರೆಡೆ ದಂಡ ತೆತ್ತು ಮುಗಿಯಬಹುದಾದ ತಪ್ಪು ಅಲ್ಲಿ ಸಾವಿಗೆ ಕಾರಣವಾದದ್ದೇಕೆ? ಉಭಯ ದೇಶಗಳ ನಡುವೆ ಇರುವುದು 1953ರ ಕದನವಿರಾಮವೇ ಹೊರತು ಶಾಂತಿ ಒಪ್ಪಂದವಲ್ಲ. ಪರಸ್ಪರ ರಾಯಭಾರ ಕಚೇರಿಗಳೂ ಇಲ್ಲ. ಅಂಥ ನೆಲದಲ್ಲಿ ಪ್ರವಾಸದ ನಿಯಮವೆಂಬುದು ಮಾರ್ಗದರ್ಶಿಯ ಅನುಕೂಲಕ್ಕಷ್ಟೇ ಮಾಡಿದ್ದಲ್ಲ, ಪ್ರವಾಸಿಗರಿಗಿದ್ದ ಏಕೈಕ ರಕ್ಷಣೆ.