ಗೋವಿನಜೋಳದ ಎಲೆ ಯಾಕೆ ಸುರುಳಿ ಸುತ್ತುತ್ತೆ?

ದಾವಣಗೆರೆ, ಹರಿಹರದ ಸುತ್ತಿನ ಹೊಲಗಳನ್ನು ನೋಡಿದ್ದೀರಲ್ಲ? ಭದ್ರಾ ನಾಲೆ ನೀರು ಬರುವ ಕಡೆ ಭತ್ತ. ಮಳೆ ನಂಬಿದ ಕಡೆ ಮೆಕ್ಕೆಜೋಳ. ಇದನ್ನೇ ನಾವು ಗೋವಿನಜೋಳ ಅಂತೀವಿ. ಮಳೆ ತಡವಾದಾಗ ಮಧ್ಯಾಹ್ನ ಇದರ ಎಲೆ ಚಾಪೆ ಸುತ್ತಿದ ಹಾಗೆ ಸುತ್ತಿಕೊಳ್ಳುತ್ತೆ. ಕಳೆ ತೆಗೆಯಲು ಹೋದವರಿಗೆಲ್ಲ ಇದು ಗೊತ್ತು. ಬೆಳೆ ಹೋಯಿತು ಎಂದು ಹೆದರುವವರೂ ಉಂಟು. ಎಲೆ ಸತ್ತಿಲ್ಲ. ನೀರು ಉಳಿಸುತ್ತಿದೆ.

ಎಲೆಯ ಮೈ ತುಂಬ ಸಣ್ಣ ಬಾಯಿಗಳಿವೆ. ಬರಿ ಕಣ್ಣಿಗೆ ಕಾಣುವುದಿಲ್ಲ. ಇವಕ್ಕೆ ಪತ್ರರಂಧ್ರ ಎಂದು ಹೆಸರು. ಬಾಯಿ ತೆರೆದರೆ ಗಾಳಿ ಒಳಗೆ ಹೋಗುತ್ತದೆ. ಗಾಳಿ, ನೀರು, ಬಿಸಿಲು ಸೇರಿದರೆ ಗಿಡಕ್ಕೆ ಊಟ. ಆದರೆ ತೆರೆದ ಬಾಯಿಂದ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ನಂಬಿಕೆ ಬರಲಿಲ್ಲವೇ? ಮನೆ ಮುಂದಿನ ದಾಸವಾಳದ ಕೊಂಬೆಗೆ ಪ್ಲಾಸ್ಟಿಕ್ ಚೀಲ ಕಟ್ಟಿ. ಬಿಸಿಲಲ್ಲಿ ಒಂದೆರಡು ತಾಸು ಬಿಡಿ. ಚೀಲದೊಳಗೆ ನೀರಿನ ಹನಿ ಕಾಣುತ್ತೆ.

ಗಾಳಿ ಒಣಗಿ ಬಿಸಿಯಾದರೆ ನೀರು ಬೇಗ ಹೋಗುತ್ತದೆ. ಬೇರು ಅಷ್ಟು ಬೇಗ ನೀರು ಒದಗಿಸಲಾರದು. ಆಗ ಎಲೆ ಬಾಯಿ ಮುಚ್ಚುತ್ತದೆ. ಗೋವಿನಜೋಳ ಎಲೆಯನ್ನೂ ಸುತ್ತಿಕೊಳ್ಳುತ್ತದೆ. ಬಿಸಿಲು ತಾಗುವ ಜಾಗ ಕಡಿಮೆ ಆಗುತ್ತೆ. ನೀರು ಸಾಲದಿದ್ದರೆ ಭತ್ತವೂ ಹೀಗೇ.

ಇನ್ನೊಂದು ಸಂಗತಿ. ಕಲ್ಲಿದ್ದಲು, ಪೆಟ್ರೋಲ್ ಸುಟ್ಟ ಹೊಗೆಯಿಂದ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದೆ. ಗಿಡದ ಊಟಕ್ಕೆ ಬೇಕಾದ ಗಾಳಿ ಇದೇ. ಇಂಗ್ಲೆಂಡಿನ ವಿಜ್ಞಾನಿ ವುಡ್‌ವರ್ಡ್ 200 ವರ್ಷಗಳಿಂದ ಒಣಗಿಸಿ ಇಟ್ಟಿದ್ದ ಮರಗಿಡಗಳ ಎಲೆಗಳನ್ನು ನೋಡಿದರು. ಮೊದಲು 100 ಬಾಯಿ ಇದ್ದಷ್ಟು ಜಾಗದಲ್ಲಿ ಈಚೆಗೆ ಸುಮಾರು 60 ಇದ್ದವು. ಇದು 1987ರಲ್ಲಿ ಪ್ರಕಟವಾಯಿತು. ಎಲೆಗಳು ಹೀಗೂ ಹೊಂದಿಕೊಳ್ಳುತ್ತವೆ. ಆದರೆ ಅದು ತಲೆಮಾರುಗಳ ಕೆಲಸ. ಈ ವರ್ಷದ ಬೆಳೆ ಅಲ್ಲಿಯವರೆಗೆ ಕಾಯುತ್ತದೆಯೇ?

ಬಾಯಿ ಮುಚ್ಚಿದರೆ ನೀರು ಉಳಿಯುತ್ತೆ, ಊಟ ಕಡಿಮೆ ಆಗುತ್ತೆ. ಒಂದು ಹೊತ್ತಿನ ಉಪವಾಸ ತಡೆಯಬಹುದು. ದಿನವೂ ಆದರೆ? ತೆನೆಗೆ ಕೂದಲು ಬರುವ ಹೊತ್ತಲ್ಲಂತೂ ಕಷ್ಟ. ಆಗ ನೀರಿಲ್ಲದಿದ್ದರೆ ತೆನೆಯಲ್ಲಿ ಕಾಳು ಕಟ್ಟುವುದಿಲ್ಲ. ಬೊಚ್ಚು ಬಾಯಿ ಹಾಗೆ ಕಾಣುತ್ತೆ. ಜೂನಿನಲ್ಲಿ ಬಿತ್ತಿದ ಬೆಳೆಗೆ ಆ ಹೊತ್ತು ಆಗಸ್ಟಿನಲ್ಲಿ ಬರುತ್ತದೆ. 2023ರ ಆಗಸ್ಟಿನಲ್ಲೇ ರಾಜ್ಯದಲ್ಲಿ ಮಳೆ ಕೈಕೊಟ್ಟಿತು.

ಮಧ್ಯಾಹ್ನದ ಸುರುಳಿ ನೋಡಿ ಗಾಬರಿ ಬೇಡ. ಬೆಳಿಗ್ಗೆ ಬಿಸಿಲೇರುವ ಮೊದಲು ಹೊಲಕ್ಕೆ ಹೋಗಿ ನೋಡಿ. ಎಲೆ ಬಿಚ್ಚಿದ್ದರೆ ಮಣ್ಣಲ್ಲಿ ಇನ್ನೂ ತೇವ ಇದೆ. ಆಗಲೂ ಸುತ್ತಿಕೊಂಡೇ ಇದ್ದರೆ ತೇವ ಮುಗಿದಿದೆ. ಬೋರ್‌ವೆಲ್ ಇದ್ದವರು ಅವತ್ತೇ ನೀರು ಹಾಯಿಸಬೇಕು.